ಖರ್ಜೂರದೊಳಗೆ ಅಂಟಿನ ಉಂಡಿ

ತುರ್ಭೆಯಲ್ಲಿ ರಿಕ್ಷಾ ಇಳಿಯುವ ಮೊದಲೇ ಮೆಣಸಿನಕಾಯಿ ಘಾಟು ಗಂಟಲು ಹಿಡಿಯುತ್ತದೆ. ದೀಪಾವಳಿ ಹತ್ತಿರ ಬಂದಿದೆ. ಎಪಿಎಂಸಿಯ ಮಸಾಲಾ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ಮಾಥಾಡಿಗಳು ಬೆನ್ನ ಮೇಲೆ ಚೀಲ ಹೊತ್ತು ನುಗ್ಗಿ ಬರುತ್ತಾರೆ, ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕು. ಧನಿಯಾ, ಜೀರಿಗೆಯ ಸಾಲು ದಾಟಿದರೆ ಒಣಹಣ್ಣಿನ ಅಂಗಡಿಗಳು. ಸಮುದ್ರ ದಾಟಿ ಬಂದು ನ್ಹಾವಾ ಶೇವಾದಲ್ಲಿ ಇಳಿದ ಖರ್ಜೂರದ ಪೆಟ್ಟಿಗೆಗಳು ಎದೆಯೆತ್ತರಕ್ಕೆ ಪೇರಿಸಿವೆ.

ಕಿಮಿಯಾ ಎತ್ತಿ ನೋಡಿ. ಇರಾನಿನ ಬಾಮ್ ಕಡೆಯ ಹಣ್ಣು, ಕಪ್ಪಗೆ ಹೊಳೆಯುತ್ತದೆ, ಬಾಯಲ್ಲಿಟ್ಟರೆ ಕರಗುತ್ತದೆ. ಆದರೆ ಬೀಜ ತೆಗೆಯಲು ಹೋದರೆ ಬೆರಳಿಗೇ ಮೆತ್ತಿಕೊಳ್ಳುತ್ತದೆ. ಹೂರಣ ತುಂಬುವ ಕೆಲಸಕ್ಕೆ ಅಲ್ಲ. ನಮಗೆ ಬೇಕಿರುವುದು ಮೆಜೂಲ್: ದಪ್ಪ, ಸುಕ್ಕು ಸುಕ್ಕಾದ ಸಿಪ್ಪೆ, ಒತ್ತಿದರೆ ಬಗ್ಗಿ ಮತ್ತೆ ಎದ್ದು ನಿಲ್ಲುವ ಮೈ. ಮೊರಾಕ್ಕೊದ ತಳಿ ಇದು. ಬಯೂದ್ ಎಂಬ ಶಿಲೀಂಧ್ರ ರೋಗ ಅಲ್ಲಿನ ತೋಟಗಳನ್ನು ಒಣಗಿಸುತ್ತಿದ್ದಾಗ, 1927ರಲ್ಲಿ 11 ಸಸಿಗಳು ಅಮೆರಿಕಕ್ಕೆ ಹೋದವು. ಅವುಗಳಲ್ಲಿ 9 ಬದುಕಿದವು. ಅಲ್ಲಿನ ಮೆಜೂಲ್ ತೋಟಗಳೆಲ್ಲ ಆ ಒಂಬತ್ತರ ಸಂತಾನ. ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ, ನಿಜ. ಅದಕ್ಕೇ ಐದು ಕಿಲೋ ಪೆಟ್ಟಿಗೆ ಕೊಂಡು ಮೂರು ಮನೆಯವರು ಹಂಚಿಕೊಳ್ಳುವುದು.

ತುರ್ಭೆಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿ. ಪೆಟ್ಟಿಗೆ ಮಡಿಲಲ್ಲಿ.

ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿದೆ. ಪಕ್ಕದ ಬಿಲ್ಡಿಂಗಿನ ಪುತ್ತೂರಿನ ಅಕ್ಕ ಚೂರಿ ಹಿಡಿದು ಕೂತಿದ್ದಾರೆ. ಧಾರವಾಡದ ಕಡೆಯ ನಮ್ಮ ಅತ್ತೆ ಕುರ್ಚಿಯಲ್ಲಿ, ಕೈಯಲ್ಲಿ ತುರಿದ ಒಣಕೊಬ್ಬರಿಯ ತಾಟು. ಹಣ್ಣಿನ ಒಂದು ಮಗ್ಗುಲನ್ನು ಮಾತ್ರ ಉದ್ದಕ್ಕೆ ಸೀಳಿ, ಬೀಜ ಎತ್ತಿ, ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಈ ನೋಟವನ್ನು ತಪ್ಪಿಸುವಂತಿಲ್ಲ. ಹೊರಗೆ ಸೊಗಸಾಗಿರುವ ಹಣ್ಣಿನಲ್ಲೂ ಒಮ್ಮೊಮ್ಮೆ ಕರಿ ಬೂಷ್ಟಿನ ಪುಡಿಯೋ, ಹುಳದ ನೂಲೋ ಇರುತ್ತದೆ. ಅಂಥದ್ದು ಪಕ್ಕಕ್ಕೆ.

ಎಲ್ಲರೂ ಇದರೊಳಗೆ ಒಂದು ಬಾದಾಮಿ ಇಟ್ಟು ಮುಗಿಸುತ್ತಾರೆ. ನನಗೆ ಅಷ್ಟು ಸಾಲದು. ಬಾಣಂತಿಯರಿಗೆ ಕಟ್ಟುವ ಅಂಟಿನ ಉಂಡಿಯಲ್ಲಿ ಉತ್ತತ್ತಿ, ಕೊಬ್ಬರಿ, ಗಸಗಸೆ, ತುಪ್ಪದಲ್ಲಿ ಅರಳಿದ ಅಂಟು ಇರುತ್ತವೆ. ಅವನ್ನೆಲ್ಲ ಹಿಡಿದಿಡುವುದು ಬೆಲ್ಲದ ಪಾಕ. ಖರ್ಜೂರ ತಾನೇ ಸಿಹಿ, ತಾನೇ ಕವಚ ಆದಮೇಲೆ ಪಾಕ ಯಾಕೆ?

“ಬೆಲ್ಲ ಇಲ್ಲಂದ್ರ ಕೂಡಿ ನಿಲ್ಲೂದು ಹ್ಯಾಂಗವಾ?” ಅತ್ತೆಯ ಪ್ರಶ್ನೆ ಸರಿಯಾದದ್ದೇ.

“ಶೇಂಗಾ ಹಿಡೀತೈತ್ರಿ ಅತ್ತಿ.”

ಹುರಿದು ಸಿಪ್ಪೆ ತೆಗೆದ ಶೇಂಗಾ ಮಿಕ್ಸಿಯ ಸಣ್ಣ ಜಾರಿಗೆ ಬೀಳುತ್ತದೆ. ಮೊದಲು ಪುಡಿ. ಆಮೇಲೆ ಗೋಡೆಗೆ ಮೆತ್ತಿ, ಕೆರೆದು ಕೆರೆದು ಬಿಡಬೇಕಾದ ಮುದ್ದೆ. ಇಲ್ಲಿ ಬೇಸತ್ತು ನೀರು ಹಾಕಿದರೆ ಕೆಟ್ಟಿತು. ನಿಲ್ಲಿಸಿ, ಜಾರು ತಣಿಯಲು ಬಿಟ್ಟು, ಮತ್ತೆ ತಿರುಗಿಸಿದರೆ ಒಂದು ಹಂತದಲ್ಲಿ ಕಾಳಿನ ಎಣ್ಣೆ ಬಿಟ್ಟು ಮುದ್ದೆ ಸಡಿಲಾಗಿ ಹೊಳೆಯತೊಡಗುತ್ತದೆ. ಚಿಟಿಕೆ ಉಪ್ಪು. ಅಷ್ಟರಲ್ಲಿ ಬಾಣಲೆಯಲ್ಲಿ ಎರಡು ಚಮಚ ತುಪ್ಪ ಕಾದಿದೆ. ಅಂಟಿನ ಹರಳು ಬಿದ್ದೊಡನೆ ಚಟಪಟನೆ ಉಬ್ಬಿ ಬೆಳ್ಳಗಾಗುತ್ತವೆ. ಸಣ್ಣ ಉರಿಯಲ್ಲೇ ಅರಳಬೇಕು, ಇಲ್ಲದಿದ್ದರೆ ಒಳಗೆ ಹಸಿ ಉಳಿದು ಹಲ್ಲಿಗೆ ಅಂಟುತ್ತದೆ. ಬಟ್ಟಲಿನ ತಳದಿಂದ ಅದನ್ನು ಅತ್ತೆಯೇ ಒತ್ತಿ ಪುಡಿ ಮಾಡುತ್ತಾರೆ. ಬೆಚ್ಚಗೆ ಮಾಡಿದ ಕೊಬ್ಬರಿ, ಹುರಿದ ಗಸಗಸೆ, ಏಲಕ್ಕಿ, ತುಸು ಜಾಜಿಕಾಯಿ, ಎಲ್ಲ ಶೇಂಗಾ ಮುದ್ದೆಗೆ ಸೇರಿ ಬೆರಳ ನಡುವೆ ಉದ್ದಕ್ಕೆ ಹೊಸೆಯಲು ಬರುವಂತಾಗುತ್ತದೆ. ಹಣ್ಣಿನೊಳಗಿಟ್ಟು ಬಾಯಿ ಮುಚ್ಚಿದರೆ ಸೀಳು ಎಲ್ಲಿತ್ತೆಂದು ಹುಡುಕಬೇಕು.

ಇನ್ನು ಚಾಕೊಲೇಟು. ಪುತ್ತೂರಿನ ಅಕ್ಕನ ತವರಲ್ಲಿ ಅಡಿಕೆ ಮರಗಳ ಕೆಳಗೆ ಕೊಕ್ಕೊ ಇದೆ. ಕಾಯಿ ಒಡೆದು ಬೀಜದ ಸುತ್ತಲಿನ ಬಿಳಿ ಹುಳಿಸಿಹಿ ತಿರುಳನ್ನು ಚೀಪುತ್ತ ಬೆಳೆದವರು. ಕೊಕ್ಕೊ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಅವರ ಬೆನ್ನಿಗೆ ನಿಂತದ್ದು 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಆ ಕತೆ ಹೇಳುವಾಗ ಅಕ್ಕನ ದನಿಯಲ್ಲಿ ಹೆಮ್ಮೆ ತಾನಾಗಿ ಬರುತ್ತದೆ, ಬರಬೇಕಾದದ್ದೇ.

ಅಂಗಡಿಯಲ್ಲಿ ಇಟ್ಟಿಗೆಯಂಥ ಅಗ್ಗದ ಕಾಂಪೌಂಡ್ ಸಿಗುತ್ತದೆ. ಕರಗಿಸಿ ಅದ್ದಿದರೆ ಆಯಿತು, ಸಲೀಸು. ಆದರೆ ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿ: ಮೊದಲ ಹೆಸರು ಸಕ್ಕರೆ, ಎರಡನೆಯದು ಸಸ್ಯಜನ್ಯ ಕೊಬ್ಬು ಎಂದಿದ್ದರೆ ಬೆಲ್ಲ ಬಿಟ್ಟು ಗಳಿಸಿದ್ದನ್ನೆಲ್ಲ ಹೊದಿಕೆಯಲ್ಲಿ ಕಳೆದ ಹಾಗೆ. ಕೊಕ್ಕೊ ಬೆಣ್ಣೆಯಿರುವ, ಶೇಕಡ 70ರ ಡಾರ್ಕ್ ಚಾಕೊಲೇಟೇ ಬೇಕು. ಅದಕ್ಕೆ ಸೇವೆಯೂ ಬೇಕು. ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುವಂಥದ್ದು. ಡೊಂಬಿವಲಿಯ ಅಕ್ಟೋಬರ್ ಮಧ್ಯಾಹ್ನ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಹಾಗಾಗಿ ಕೆಲಸವೆಲ್ಲ ಈಗ ಎಸಿ ಇರುವ ಮಲಗುವ ಕೋಣೆಗೆ ಹೋಗುತ್ತದೆ. ಮಂಚದ ಪಕ್ಕ ಮಡಚುವ ಟೇಬಲ್, ಅದರ ಮೇಲೆ ಬಟರ್ ಪೇಪರ್ ಹಾಸಿದ ತಾಟುಗಳು.

ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟಿನ ಮೂರರಲ್ಲಿ ಎರಡು ಪಾಲು ಕರಗಿದೆ. “ಒಂದು ಹನಿ ನೀರು ಬಿದ್ದರೆ ಮುಗೀತು ಮಾರಾಯ್ತಿ, ಮರಳಾಗ್ತದೆ,” ಎನ್ನುತ್ತ ಅಕ್ಕ ಬಟ್ಟಲಿನ ಅಡಿ ಒರೆಸುತ್ತಾರೆ. ಉಳಿದ ಒಂದು ಪಾಲಿನ ಚೂರುಗಳನ್ನು ಈಗ ಹಾಕಿ ತಿರುವುತ್ತ ಹೋದರೆ ಬಿಸಿ ಇಳಿದು 31-32 ಡಿಗ್ರಿಗೆ ಬಂದು ನಿಲ್ಲುತ್ತದೆ. ಥರ್ಮಾಮೀಟರ್ ಇಲ್ಲದವರು ಚೂರಿಯ ತುದಿ ಅದ್ದಿ ಪಕ್ಕಕ್ಕಿಡಿ: ಐದು ನಿಮಿಷದಲ್ಲಿ ಕಲೆಯಿಲ್ಲದೆ ಹೊಳೆಯುತ್ತ ಗಟ್ಟಿಯಾದರೆ ಹದ ಬಂದಿದೆ. ಈ ಹದ ತಪ್ಪಿದರೆ ಮರುದಿನ ಮೇಲೆಲ್ಲ ಬೂದಿ ಬಳಿದಂತೆ ಬಿಳಿ ಪಟ್ಟೆ. ಖರ್ಜೂರವನ್ನು ಫೋರ್ಕಿನ ಮೇಲೆ ಕೂರಿಸಿ, ಮುಳುಗಿಸಿ, ಎತ್ತಿ, ಬಟ್ಟಲಿನ ಅಂಚಿಗೆ ಕುಟ್ಟಿ ಕುಟ್ಟಿ ಹೆಚ್ಚಿನದನ್ನು ಇಳಿಸಬೇಕು. ಹೊದಿಕೆ ತೆಳ್ಳಗಿದ್ದಷ್ಟೂ ಒಳಗಿನ ಏಲಕ್ಕಿ ಬೇಗ ಮೂಗಿಗೆ ಬರುತ್ತದೆ.

ಸಕ್ಕರೆ ಕಾಯಿಲೆಯವರಿಗೂ ಇದು ಧಾರಾಳವಾಗಿ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೂರು ಗ್ರಾಂ ಮೆಜೂಲಿನಲ್ಲಿ 66 ಗ್ರಾಂನಷ್ಟು ಸಕ್ಕರೆಯೇ. ದಪ್ಪ ಹಣ್ಣೊಂದರಲ್ಲಿ ನಾಲ್ಕು ಚಮಚದಷ್ಟು. ಜೊತೆಗೆ ನಾರಿದೆ, ಶೇಂಗಾ ಕೊಬ್ಬರಿಗಳಿವೆ, ಒಂದು ತಿಂದರೆ ಇನ್ನೊಂದು ಬೇಡವೆನಿಸುತ್ತದೆ. ಪೇಢೆಯ ಡಬ್ಬಿಯ ಮುಂದೆ ಕೂತವರಿಗೆ ಹಾಗೆನಿಸುವುದಿಲ್ಲ. ನನ್ನ ಮಟ್ಟಿಗೆ ಲಾಭ ಇಷ್ಟೇ, ಇದು ದೊಡ್ಡ ಲಾಭ. ಅತ್ತೆಗೆ ಅರ್ಧ ಕತ್ತರಿಸಿಯೇ ಕೊಡುವುದು.

ಗಟ್ಟಿಯಾದವು ಡಬ್ಬಿ ಸೇರುತ್ತಿವೆ: ಒಂದು ಕಲ್ಯಾಣದ ನಾದಿನಿಗೆ, ಒಂದು ಅಕ್ಕನ ಮನೆಗೆ, ಒಂದಿಷ್ಟು ಎದುರುಮನೆಯ ಮರಾಠಿ ಕಾಕು ಕಳಿಸುವ ಫರಾಳದ ತಾಟಿಗೆ ಪ್ರತಿಯಾಗಿ, ಚಕ್ಕುಲಿಯ ಪಕ್ಕ. ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಕೆಡುವುದಿಲ್ಲ. ಹೊರತೆಗೆದ ಮೇಲೆ ತಣ್ಣಗಿರುವಾಗಲೇ ಮುಚ್ಚಳ ತೆರೆದರೆ ಮಾತ್ರ ಬೆವರುತ್ತವೆ.

ಅತ್ತೆ ತಮ್ಮ ಅರ್ಧವನ್ನು ಕಚ್ಚುತ್ತಾರೆ. ಚಾಕೊಲೇಟು ಟಕ್ಕೆಂದು ಮುರಿದ ಸದ್ದು ನಮಗೂ ಕೇಳಿಸುತ್ತದೆ. ನಿಧಾನವಾಗಿ ಅಗಿದು, ಅಂಟಿನ ಹರಳು ಹಲ್ಲಿಗೆ ಸಿಕ್ಕಾಗ ತಲೆಯಾಡಿಸುತ್ತಾರೆ.

“ಉಂಡಿ ಆತಿದು. ಮುಂದಿನ ಸಲ ಗಸಗಸಿ ಇನ್ನೊಂದೀಟ ಹಾಕು.”