ಹದಿನೈದು ವರ್ಷ, ನಾಲ್ಕು ವರ್ಷ

ಎಂಬತ್ತರ ದಶಕದಲ್ಲಿ ಅಂಕೋಲೆಯ ನಮ್ಮ ಕೇರಿಯಿಂದ ನೇವಿಗೆ ಹೋದ ಹುಡುಗರ ಮನೆಗೆ ಮನಿಯಾರ್ಡರ್ ಬರುತ್ತಿತ್ತು. ದುಬೈ, ಮಸ್ಕತ್‌ಗೆ ಹೋದವರು ಕಳಿಸುತ್ತಿದ್ದುದರ ಮುಂದೆ ಆ ದುಡ್ಡು ಲೆಕ್ಕಕ್ಕೇ ಇಲ್ಲ. ಆದರೂ ಹೆಣ್ಣು ಹೆತ್ತವರು ನೇವಿ ಹುಡುಗನ ಮನೆಯನ್ನೇ ಮೊದಲು ಕೇಳಿಕೊಂಡು ಬರುತ್ತಿದ್ದರು. ದೇಶಭಕ್ತಿಯಿಂದೇನಲ್ಲ, ಪಿಂಚಣಿಗೆ.

ಪಿಂಚಣಿ ಸಿಗಲು ನಾವಿಕನಿಗೆ ಹದಿನೈದು ವರ್ಷದ ಸೇವೆ ಬೇಕು. ಹದಿನೆಂಟಕ್ಕೆ ಸೇರಿದವನು ಮೂವತ್ಮೂರು, ಮೂವತ್ನಾಲ್ಕಕ್ಕೆಲ್ಲ ಊರಿಗೆ ಬಂದು ಕೂರಬಹುದಿತ್ತು. ಆಮೇಲೆ ಸರ್ಕಾರಿ ಬ್ಯಾಂಕು. ಅಲ್ಲಿನ ಗುಮಾಸ್ತರ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ನೂರಕ್ಕೆ 14.5ರಷ್ಟು ಮೀಸಲು. ಪಿಂಚಣಿ ಒಂದು ಕೈಗೆ, ಸಂಬಳ ಇನ್ನೊಂದು ಕೈಗೆ. ಎಂಜಿನ್ ರೂಮಿನ ಕೆಲಸ ಕಲಿತ ನೆರೆಮನೆಯ ಅಣ್ಣನಂತೂ ಹದಿನೈದು ತುಂಬುವುದನ್ನೇ ಕಾದಿದ್ದು ವ್ಯಾಪಾರಿ ಹಡಗು ಹತ್ತಿದ. ಇನ್ನಷ್ಟು ವರ್ಷ ಇರು ಎಂದು ಮೇಲಿನವರು ಹೇಳಿದ್ದರಂತೆ. “ಇದ್ದರೆ ಎಂತ ಕೊಡ್ತಾರೆ ತಮ್ಮಾ?” ಎಂದು ನನ್ನನ್ನೇ ಕೇಳಿದ. ಸರಕಾರ ಕೈಯಾರೆ ಕಲಿಸಿದ ವಿದ್ಯೆ ಹಾಗೆ ಹೊರಗೆ ಹೋಯಿತು. ಊರಿನಲ್ಲಿ ಯಾರೂ ಅವನನ್ನು ತಪ್ಪು ಅನ್ನಲಿಲ್ಲ, ನಾನೂ ಅನ್ನುವುದಿಲ್ಲ. 1946ರಲ್ಲಿ ಮುಂಬಯಿಯ ನಾವಿಕರು ಬಂಡೆದ್ದಾಗಲೂ ಮೊದಲ ಕೂಗು ಎದ್ದದ್ದು ಊಟದ ವಿಷಯಕ್ಕೆ. ಸಂಬಳದ ತಾರತಮ್ಯವೂ ಅದರ ಜೊತೆಗಿತ್ತು.

ನೌಕಾನೆಲೆಯೇ ನಮ್ಮ ಬಾಗಿಲಿಗೆ ಬಂತು. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಕಾರವಾರದ ಸೀಬರ್ಡ್ ಯೋಜನೆಗೆ ಅಡಿಗಲ್ಲಿಟ್ಟರು. 2005ರ ಮೇ 31ರಂದು ಅಲ್ಲಿನ ನೆಲೆ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ನೆಲೆಗಾಗಿ ನೆಲ ಬಿಟ್ಟವರು ತೋಡೂರು, ಹಾರವಾಡದ ಕಾಲೊನಿಗಳಿಗೆ ಹೋದರು. ಅವರ ಮಕ್ಕಳಲ್ಲಿ ನನಗೆ ಗೊತ್ತಿರುವ ಕೆಲವರು ಅದೇ ಗೇಟಿನೊಳಗೆ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಾರೆ.

2022ರ ಜೂನ್‌ನಲ್ಲಿ ನಾಲ್ಕೇ ವರ್ಷದ ಸೇವೆಯ ಅಗ್ನಿಪಥ ಯೋಜನೆ ಬಂದ ಮೇಲೆ ಲೆಕ್ಕವೇ ತಿರುವುಮುರುವಾಯಿತು. ಅದರಲ್ಲಿ ಸೇರುವ ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಕೈಗೆ ಬರುವುದು 21,000, ಉಳಿದದ್ದು ಕೂಡಿಡುವ ನಿಧಿಗೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷದ ಗಂಟು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಕಾಯಂ ಆಗುವವರು ನೂರಕ್ಕೆ ಹೆಚ್ಚೆಂದರೆ 25. ಮೊದಲು ಸಂಬಳ ಸಾಲದೆ ನಾವಿಕನೇ ಬಿಟ್ಟು ಬರುತ್ತಿದ್ದ; ಈಗ ಇರುತ್ತೇನೆ ಎಂದರೂ ಮುಕ್ಕಾಲು ಜನರನ್ನು ಕಳಿಸಿಕೊಡುತ್ತಾರೆ. ಸೇನೆಯ ಸರಾಸರಿ ವಯಸ್ಸು ಇಳಿಯಬೇಕು ಎಂಬ ಕಾರಣ ಸುಳ್ಳಲ್ಲ. ಪಿಂಚಣಿಯ ಹೊರೆ ಇಳಿಯಬೇಕು ಎಂಬುದನ್ನು ಮಾತ್ರ ಅಷ್ಟೇ ಗಟ್ಟಿಯಾಗಿ ಹೇಳುವುದಿಲ್ಲ. ‘ಒಂದು ಶ್ರೇಣಿ, ಒಂದು ಪಿಂಚಣಿ’ಗಾಗಿ ಮಾಜಿ ಸೈನಿಕರು 2015ರಲ್ಲಿ ಜಂತರ್ ಮಂತರ್‌ನಲ್ಲಿ ಕೂತದ್ದನ್ನು ದಿಲ್ಲಿ ಮರೆತಿರಲಿಕ್ಕಿಲ್ಲ.

ನಮ್ಮದೇ ಕಡೆಯ, ಕಾರವಾರದ ಹತ್ತಿರದ ಚೆಂಡಿಯಾದ ರಾಮಾ ರಾಘೋಬಾ ರಾಣೆಯವರು 1940ರಲ್ಲಿ ಸಿಪಾಯಿಯಾಗಿ ಸೇರಿದವರು. 1948ರ ಏಪ್ರಿಲ್‌ನಲ್ಲಿ ರಾಜೌರಿಯ ದಾರಿಯಲ್ಲಿ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದರು, 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. ಈಗಿನ ಲೆಕ್ಕದಲ್ಲಿ 1944ಕ್ಕೆ ಅವರ ಅವಧಿ ಮುಗಿಯುತ್ತಿತ್ತು.

ನೌಕಾಪಡೆಯ ಮೊದಲ ತಂಡದ ಅಗ್ನಿವೀರರ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಗೆ.