ಕುಂಬಾರನಿಗೆ ವರುಷ

1939ನೆಯ ಇಸವಿಯ ಮಾರ್ಚ್ ತಿಂಗಳ ಒಂದು ಸಂಜೆ ಜಪಾನಿನ ನಗೋಯಾ ನಗರದ ಮಿತ್ಸುಬಿಷಿ ಕಾರ್ಖಾನೆಯಿಂದ ಎತ್ತಿನ ಗಾಡಿಗಳು ಹೊರಬಿದ್ದವು. ಗಾಡಿಗಳ ಮೇಲಿದ್ದುದು ಭತ್ತದ ಮೂಟೆಯಲ್ಲ, ಹುಲ್ಲಿನ ಹೊರೆಯೂ ಅಲ್ಲ. ಬಿಡಿಬಿಡಿಯಾಗಿ ಬಿಚ್ಚಿಟ್ಟ ಒಂದು ಯುದ್ಧವಿಮಾನ. ಕಾರ್ಖಾನೆಯ ಪಕ್ಕದಲ್ಲಿ ವಿಮಾನ ಹಾರಿಸುವ ಬಯಲಿರಲಿಲ್ಲ. ಸುಮಾರು 50 ಕಿಲೋಮೀಟರು ದೂರದ ಕಾಗಾಮಿಗಾಹಾರಕ್ಕೆ ಅದನ್ನು ಸಾಗಿಸಬೇಕಾಗಿತ್ತು. ದಾರಿ ಒರಟು; ಲಾರಿಯಲ್ಲಿ ಹೇರಿದರೆ ಕುಲುಕಾಟಕ್ಕೆ ನಾಜೂಕಾದ ಯಂತ್ರ ಕೆಟ್ಟೀತೆಂಬ ಭಯ. ಆದುದರಿಂದ ಆ ಕಾಲದ ಅತ್ಯಂತ ವೇಗದ ವಿಮಾನಗಳಲ್ಲೊಂದು ಎತ್ತಿನ ಹೆಜ್ಜೆಯ ಲೆಕ್ಕದಲ್ಲಿ ರಾತ್ರಿಯೆಲ್ಲ ನಡೆಯಿತು. ಏಪ್ರಿಲ್ ಒಂದರಂದು ಹಾರಿತು. ಮರುವರ್ಷ, ಅಂದರೆ ಜಪಾನೀ ಶಕೆಯ 2600ನೆಯ ವರ್ಷದಲ್ಲಿ, ಅದು ನೌಕಾಪಡೆಗೆ ಸೇರಿತು. ಆ ವರ್ಷದ ಕೊನೆಯ ಸೊನ್ನೆಯೇ ಅದರ ಹೆಸರಾಗಿ ‘ಝೀರೋ’ ಎಂದು ಜಗತ್ತಿಗೆಲ್ಲ ಪರಿಚಿತವಾಯಿತು.

ಎತ್ತಿನ ಗಾಡಿಯ ಈ ಕಥೆಯನ್ನು ಕೇಳಿ ನಗುವವರುಂಟು. ಆದರೆ ಆ ವಿಮಾನದೊಳಗೆ ಕುಳಿತುಕೊಳ್ಳಬೇಕಾದ ಮನುಷ್ಯನು ಬಂದ ದಾರಿ ಎತ್ತಿನ ಗಾಡಿಗಿಂತಲೂ ನಿಧಾನವಾದುದಾಗಿತ್ತು.

ಸಾಬುರೋ ಸಾಕಾಯ್ ಎಂಬಾತನನ್ನೇ ನೋಡಬಹುದು. 1916ರಲ್ಲಿ ಸಾಗಾ ಪ್ರಾಂತದ ಬಡ ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ಹುಡುಗ. ಹದಿನಾರರ ವಯಸ್ಸಿನಲ್ಲಿ ಸಾಮಾನ್ಯ ನಾವಿಕನಾಗಿ ನೌಕಾಪಡೆ ಸೇರಿದವನು. 1937ರಲ್ಲಿ ವಿಮಾನಚಾಲನೆಯ ಶಾಲೆಗೆ ಆಯ್ಕೆಯಾದ. ಅರ್ಜಿ ಹಾಕಿದವರು 1,500 ಮಂದಿ, ಆಯ್ಕೆಯಾದವರು 70, ಕೊನೆಗೆ ತೇರ್ಗಡೆಯಾಗಿ ಹೊರಬಂದವರು 25 ಎಂದು ಆತ ತನ್ನ ನೆನಪುಗಳಲ್ಲಿ ಹೇಳಿದ್ದಾನೆ. ಉಳಿದ ನಲವತ್ತೈದು ಮಂದಿ ಹೆಡ್ಡರೇನೂ ಆಗಿರಲಿಲ್ಲ. ಆ ಶಾಲೆಯ ನಿಯಮವೇ ಹಾಗಿತ್ತು. ಕುಸ್ತಿಯ ಚಾಪೆಯ ಮೇಲೆ ಸೋತವನು ಗೆಲ್ಲುವವರೆಗೂ ಒಬ್ಬರಾದ ಮೇಲೊಬ್ಬರೊಡನೆ ಸೆಣಸಬೇಕು; ಎಲ್ಲರೊಡನೆಯೂ ಸೋತರೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಡಬೇಕು. ನೀರಿನೊಳಗೆ ಉಸಿರು ಬಿಗಿಹಿಡಿದಿರಬೇಕು. ಕಬ್ಬಿಣದ ಕಂಬವನ್ನು ಹತ್ತಿ ಒಂದೇ ಕೈಯಲ್ಲಿ ಜೋತಾಡಬೇಕು. ಹಾರುವ ನೊಣವನ್ನು ಕೈಯಿಂದ ಹಿಡಿಯುವ ಅಭ್ಯಾಸ, ಹಗಲು ಆಕಾಶದಲ್ಲಿ ನಕ್ಷತ್ರವನ್ನು ಹುಡುಕುವ ಅಭ್ಯಾಸ—ಇವೂ ಇದ್ದುವಂತೆ. ಹೇಳುವವನು ಸ್ವಲ್ಪ ಬಣ್ಣ ಸೇರಿಸಿದ್ದರೂ ಇರಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ಮೇಷ್ಟರ ಬೆತ್ತವನ್ನು ವರ್ಷ ಕಳೆದಂತೆ ಉದ್ದಮಾಡುತ್ತ ಹೋಗುವುದು ಎಲ್ಲ ದೇಶದಲ್ಲಿಯೂ ಉಂಟು.

ಅದೇನೇ ಇರಲಿ, ಆ ಗರಡಿಯಿಂದ ಬಂದವರು ಅಪೂರ್ವ ಕುಶಲಿಗಳೆಂಬುದರಲ್ಲಿ ಸಂದೇಹವಿಲ್ಲ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಎರಗಿದ ಕಾಲಕ್ಕೆ ಜಪಾನೀ ನೌಕಾಪಡೆಯ ವೈಮಾನಿಕರಿಗೆ ಸರಾಸರಿ ಸುಮಾರು 700 ಗಂಟೆಗಳ ಹಾರಾಟದ ಅನುಭವವಿತ್ತು. ಆದರೆ ಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಹೀಗೆ ಪಳಗಿ ಹೊರಬರುತ್ತಿದ್ದವರು ವರ್ಷಕ್ಕೆ ನೂರರ ಆಸುಪಾಸು ಮಾತ್ರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಕನ್ನಡದ ಗಾದೆ ಹೇಳುತ್ತದೆ. ಇಲ್ಲಿ ಒಂದೊಂದು ಮಡಕೆಗೂ ಎರಡು ಮೂರು ವರ್ಷ ಹಿಡಿಯುತ್ತಿತ್ತು. ದೊಣ್ಣೆಗೆ ಮಾತ್ರ ಆ ನಿಮಿಷವೂ ಬೇಡವಾಗಿತ್ತು.

ಆ ದೊಣ್ಣೆಯ ಏಟಿಗೆ ಝೀರೋ ವಿಮಾನವೇ ಮೈಯೊಡ್ಡಿಕೊಂಡಿತ್ತೆನ್ನಬೇಕು. ಹಗುರವಾಗಿರಬೇಕು, ದೂರ ಹಾರಬೇಕು, ಗಿರಿಗಿಟ್ಟಲೆಯಂತೆ ತಿರುಗಬೇಕು ಎಂಬ ಆಸೆಯಿಂದ ಅದನ್ನು ರಚಿಸಿದರು. ಚಾಲಕನ ಬೆನ್ನಿಗೆ ಉಕ್ಕಿನ ತಗಡಿಲ್ಲ. ಗುಂಡು ತಗುಲಿದ ತೂತನ್ನು ತಾನೇ ಮುಚ್ಚಿಕೊಳ್ಳುವ ರಬ್ಬರಿನ ಒಳಪದರ ಪೆಟ್ರೋಲಿನ ತೊಟ್ಟಿಗಿಲ್ಲ. ಕೆಲವೇ ಗುಂಡುಗಳು ಸರಿಯಾದ ಸ್ಥಳಕ್ಕೆ ಬಿದ್ದರೆ ವಿಮಾನ ಪಂಜಿನಂತೆ ಉರಿಯುತ್ತಿತ್ತು. ಸೆರೆಸಿಕ್ಕುವುದು ಸಾವಿಗಿಂತ ಹೀನವೆಂದು ಬಗೆದ ಅನೇಕ ಚಾಲಕರು ಪ್ಯಾರಚೂಟನ್ನೂ ಕಟ್ಟಿಕೊಳ್ಳದೆ ಹೊರಡುತ್ತಿದ್ದರು. ಎರಡು ಮೂರು ವರ್ಷ ಬೆವರು ಸುರಿಸಿ ಸಿದ್ಧಪಡಿಸಿದ ವಸ್ತುವನ್ನು ಹೀಗೆ ಕಾಗದದ ಪೆಟ್ಟಿಗೆಯಲ್ಲಿಟ್ಟು ಕಳುಹಿಸುವ ಮನೋಭಾವ ವಿಚಿತ್ರವಾದುದು. ಯುದ್ಧ ಬೇಗನೆ ಮುಗಿದುಹೋಗುತ್ತದೆಂಬ ನಂಬಿಕೆ ಅದರ ಬೇರಿನಲ್ಲಿತ್ತು.

ಯುದ್ಧ ಬೇಗನೆ ಮುಗಿಯಲಿಲ್ಲ. 1942ರ ಆಗಸ್ಟ್ 7ರಂದು ಅಮೆರಿಕನ್ನರು ಗ್ವಾಡಲ್‌ಕನಾಲ್ ದ್ವೀಪದಲ್ಲಿ ಇಳಿದರು. ಜಪಾನೀಯರ ವಿಮಾನ ನೆಲೆ ರಬಾಲ್. ನಡುವಣ ದೂರ ಸುಮಾರು 1,000 ಕಿಲೋಮೀಟರು. ಆಕಾಶಮಾರ್ಗದಲ್ಲಿ ಬೆಂಗಳೂರಿನಿಂದ ಮುಂಬಯಿಗಿರುವುದಕ್ಕಿಂತ ಹೆಚ್ಚು, ಕೆಳಗೆ ಬಹುಪಾಲು ಬರಿಯ ಸಮುದ್ರ. ಅಷ್ಟು ದೂರ ಹೋಗಿ, ಹತ್ತಾರು ನಿಮಿಷ ಕಾದಾಡಿ, ಮತ್ತೆ ಅಷ್ಟೇ ದೂರ ಹಿಂದಿರುಗಬೇಕು. ಅಂದು ಹೋದ ಸಾಕಾಯ್, ಅಮೆರಿಕನ್ ಬಾಂಬು ವಿಮಾನಗಳ ಒಂದು ಗುಂಪನ್ನು ಕಾದಾಟದ ವಿಮಾನಗಳೆಂದು ಭ್ರಮಿಸಿ ಹಿಂದಿನಿಂದ ಸಮೀಪಿಸಿದ. ಆ ವಿಮಾನಗಳ ಹಿಂಬದಿಯ ಬಂದೂಕುಗಾರರೆಲ್ಲ ಒಟ್ಟಿಗೆ ಗುಂಡು ಹಾರಿಸಿದರು. ಗುಂಡು ತಲೆಯನ್ನು ಸೀಳಿತು, ಬಲಗಣ್ಣು ಹೋಯಿತು, ಎಡಗೈ ಎಡಗಾಲುಗಳು ಮರಗಟ್ಟಿದವು. ರಕ್ತ ಒರೆಸಿಕೊಳ್ಳುತ್ತ, ಎಚ್ಚರ ತಪ್ಪುತ್ತ, ಮತ್ತೆ ಎಚ್ಚೆತ್ತು, ಸುಮಾರು ನಾಲ್ಕು ಮುಕ್ಕಾಲು ಗಂಟೆ ಹಾರಿ ಆತ ರಬಾಲಿಗೆ ಬಂದು ಇಳಿದ. ಪೆಟ್ರೋಲು ಮುಗಿಯುತ್ತ ಬಂದಿತ್ತು. ಇಳಿದವನು ಮೊದಲು ಹೋದುದು ವೈದ್ಯರ ಬಳಿಗಲ್ಲ. ವರದಿ ಒಪ್ಪಿಸಲು ಮೇಲಧಿಕಾರಿಯ ಬಳಿಗೆ.

ಆ ಗಾಯವೇ ಆತನ ಆಯುಸ್ಸನ್ನು ಕಾಯಿತು. ಚಿಕಿತ್ಸೆಗೆಂದು ಆತನನ್ನು ಜಪಾನಿಗೆ ಕಳುಹಿಸಿದರು. ಅಲ್ಲಿಯೇ ಉಳಿದ ಸಂಗಡಿಗರಲ್ಲಿ ಹೆಸರಾಂತ ನಾಯಕ ಸಾಸಾಯ್ ಅದೇ ಆಗಸ್ಟ್ ಮುಗಿಯುವ ಮೊದಲೇ ಮಡಿದ. ಮತ್ತೊಬ್ಬ ಪ್ರವೀಣ ಓಟಾ ಅಕ್ಟೋಬರಿನಲ್ಲಿ. ಕುಶಲಿಯಾದಷ್ಟೂ ಅವನನ್ನು ರಣದಿಂದ ಬಿಡಿಸುವಂತಿರಲಿಲ್ಲ. ಮಲೇರಿಯ ಹಿಡಿದರೂ ಹಾರಬೇಕು, ನಿದ್ದೆಗೆಟ್ಟರೂ ಹಾರಬೇಕು. ಶತ್ರುವಿನ ಪಾಡೋ ಬೇರೆ. ಗ್ವಾಡಲ್‌ಕನಾಲಿನ ಮೇಲೆ ವಿಮಾನ ಕಳೆದುಕೊಂಡ ಅಮೆರಿಕನ್ನನು ಪ್ಯಾರಚೂಟಿನಲ್ಲಿ ತನ್ನವರ ಸಮೀಪದಲ್ಲಿಯೇ ಇಳಿಯುತ್ತಿದ್ದ. ದ್ವೀಪವಾಸಿಗಳ ದೋಣಿಯಲ್ಲಿ ಕುಳಿತು ಮರಳಿ ಬಂದು ಇನ್ನೊಂದು ವಿಮಾನ ಏರಿದವರೂ ಇದ್ದರು.

ಅದೇ ವರ್ಷದ ಜೂನಿನಲ್ಲಿ ನಡೆದ ಮಿಡ್‌ವೇ ಕಾಳಗದಲ್ಲಿಯೇ ಜಪಾನಿನ ವೈಮಾನಿಕರೆಲ್ಲ ಮುಗಿದುಹೋದರೆಂದು ಹಲವರು ಬರೆದುದುಂಟು. ಅದು ಸರಿಯಲ್ಲ. ಅಲ್ಲಿ ಮುಳುಗಿದುದು ನಾಲ್ಕು ವಿಮಾನವಾಹಕ ಹಡಗುಗಳು. ಸತ್ತ ವೈಮಾನಿಕರು ಸುಮಾರು 110. ನಿಜವಾದ ನಷ್ಟ ಹಡಗಿನ ಒಡಲಿನಲ್ಲಿ ಆಯಿತು. ಎಂಜಿನ್ನುಗಳ ಒಂದೊಂದು ಸದ್ದನ್ನೂ ಬಲ್ಲ ಏಳುನೂರಕ್ಕೂ ಹೆಚ್ಚು ಮೆಕ್ಯಾನಿಕರು ಅಲ್ಲಿ ಬೆಂದುಹೋದರು. ಚಾಲಕನ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಸ್ಪಾನರು ಹಿಡಿದವನ ಚಿತ್ರ ಬರುವುದಿಲ್ಲ. ಅವನಿಲ್ಲದೆ ಚಾಲಕ ನೆಲ ಬಿಟ್ಟು ಏಳಲಾರ. ವೈಮಾನಿಕರ ಸರದಿ ಬಂದುದು ಅಕ್ಟೋಬರ್ 26ರಂದು, ಸಾಂತಾಕ್ರೂಸ್ ಕಾಳಗದಲ್ಲಿ. ಜಪಾನೀಯರು ಗೆದ್ದರೆಂದೇ ಆ ದಿನವನ್ನು ಎಣಿಸುತ್ತಾರೆ. ಶತ್ರುವಿನ ಹಡಗು ಮುಳುಗಿತು. ಆದರೆ ಅವರು 99 ವಿಮಾನಗಳನ್ನೂ 148 ವೈಮಾನಿಕರನ್ನೂ ಕಳೆದುಕೊಂಡರು. ಅಮೆರಿಕನ್ನರ ವಿಮಾನಗಳು 81 ಹೋದರೂ ಸತ್ತ ವೈಮಾನಿಕರು 26 ಮಾತ್ರ. ಇಂತಹ ಗೆಲುವು ಎಷ್ಟು ಮನೆಗಳನ್ನು ಬರಿದುಮಾಡೀತು!

ಅಮೆರಿಕನ್ನರ ಕ್ರಮವನ್ನು ಬರಿಯ ಕರುಣೆಯೆಂದು ತಿಳಿಯಬೇಕಾದುದಿಲ್ಲ. ಅದರಲ್ಲಿ ವ್ಯಾಪಾರಿಯ ಲೆಕ್ಕವೂ ಇತ್ತು. ಜಿಮ್ಮಿ ಥ್ಯಾಚ್ ಎಂಬ ಅಧಿಕಾರಿ ತನ್ನ ಮನೆಯ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಜೋಡಿಸಿ, ಚುರುಕಾದ ಝೀರೋವನ್ನು ನಿಧಾನದ ವಿಮಾನಗಳು ಎದುರಿಸುವ ಉಪಾಯವೊಂದನ್ನು ಕಂಡುಹಿಡಿದಿದ್ದ. ಮಿಡ್‌ವೇಯಲ್ಲಿ ಅದು ಫಲಿಸಿದ ಮೇಲೆ ಆತನನ್ನು ಮತ್ತೆ ರಣಕ್ಕೆ ನೂಕಲಿಲ್ಲ; ಊರಿಗೆ ಕರೆಸಿ ಹುಡುಗರಿಗೆ ಪಾಠ ಹೇಳಲು ಕೂರಿಸಿದರು. ಗ್ವಾಡಲ್‌ಕನಾಲಿನ ವೀರ ಜೋ ಫಾಸ್‌ನನ್ನೂ 1943ರ ಆರಂಭದಲ್ಲಿ ಹಿಂದಕ್ಕೆ ಕಳುಹಿಸಿದರು. ಒಬ್ಬ ಕುಶಲಿ ರಣದಲ್ಲಿದ್ದರೆ ಒಬ್ಬನೇ. ಶಾಲೆಯಲ್ಲಿದ್ದರೆ ನೂರು ಮಂದಿ.

ಸಮುದ್ರಕ್ಕೆ ಬಿದ್ದವರನ್ನು ಹೆಕ್ಕಿ ತರುವುದಕ್ಕಾಗಿ ಅವರು ಸಬ್‌ಮೆರೀನುಗಳನ್ನು ನಿಲ್ಲಿಸಿದರು. ‘ಟ್ಯಾಂಗ್’ ಎಂಬ ಒಂದೇ ಸಬ್‌ಮೆರೀನು 1944ರಲ್ಲಿ ಟ್ರಕ್ ದ್ವೀಪಗಳ ಬಳಿ 22 ವೈಮಾನಿಕರನ್ನು ಎತ್ತಿಕೊಂಡಿತು. ಯುದ್ಧ ಮುಗಿಯುವುದರೊಳಗೆ ಸಬ್‌ಮೆರೀನುಗಳು ಹೀಗೆ ಉಳಿಸಿದವರು 504 ಮಂದಿ. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ವಿಮಾನಗಳೂ ಇದೇ ಕೆಲಸಕ್ಕೆ ಹೆಸರಾದುವು. ಬೆಂಗಳೂರಿಗೂ ಈ ಕ್ಯಾಟಲಿನಾಗಳಿಗೂ ನಂಟುಂಟು: 1940ರಲ್ಲಿ ಆರಂಭವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಅವುಗಳ ದುರಸ್ತಿ ನಡೆಯುತ್ತಿತ್ತು, ಮತ್ತು ಅವು ಬಂದು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ನೊರೆಯ ಸುದ್ದಿಯಿಂದಲೇ ಆ ಕೆರೆಯನ್ನು ಬಲ್ಲ ಇಂದಿನವರಿಗೆ ಇದು ಕಟ್ಟುಕಥೆಯೆನಿಸೀತು.

1944ರ ಜೂನ್ 20ರ ರಾತ್ರಿಯ ಘಟನೆ ಎಲ್ಲಕ್ಕಿಂತ ಮಿಗಿಲಾದುದು. ಫಿಲಿಪ್ಪೀನ್ ಸಮುದ್ರದಲ್ಲಿ ಜಪಾನೀ ಹಡಗುಗಳನ್ನು ಬಹುದೂರ ಬೆನ್ನಟ್ಟಿ ಹೋದ ಇನ್ನೂರಕ್ಕೂ ಹೆಚ್ಚು ಅಮೆರಿಕನ್ ವಿಮಾನಗಳು ಕತ್ತಲೆಯಲ್ಲಿ ಹಿಂದಿರುಗುತ್ತಿದ್ದುವು. ಪೆಟ್ರೋಲು ಇಲ್ಲ, ಹಡಗು ಕಾಣಿಸುವುದಿಲ್ಲ. ಯುದ್ಧಕಾಲದ ಸಮುದ್ರದಲ್ಲಿ ಬೀಡಿಯ ಕಿಡಿಯನ್ನೂ ತೋರಿಸಬಾರದೆಂಬುದು ಕಟ್ಟಳೆ. ಶತ್ರುವಿನ ಸಬ್‌ಮೆರೀನು ಎಲ್ಲಿ ಹೊಂಚುಹಾಕಿದೆಯೋ ಯಾರು ಬಲ್ಲರು? ಸೇನಾನಿ ಮಿಷರ್ ದೀಪಗಳನ್ನು ಹೊತ್ತಿಸಿರೆಂದು ಆಜ್ಞೆಮಾಡಿದ. ದೀಪಾವಳಿಯ ರಾತ್ರಿಯಂತೆ ಹಡಗುಗಳೆಲ್ಲ ಬೆಳಗಿದುವು. ಹುಡುಕುದೀಪಗಳು ಆಕಾಶಕ್ಕೆ ಕೈಚಾಚಿದುವು. ಆದರೂ ಎಂಬತ್ತರಷ್ಟು ವಿಮಾನಗಳು ನೀರಿಗೆ ಬಿದ್ದೋ ಹಡಗಿನ ಮೇಲೆ ಅಪ್ಪಳಿಸಿಯೋ ನಾಶವಾದುವು. ಅದಕ್ಕಾಗಿ ಯಾರೂ ಹೆಚ್ಚು ಮರುಗಲಿಲ್ಲ. ಆ ದಿನದ ಹೋರಾಟದಲ್ಲಿಯೂ ಹಿಂದಿರುಗುವಾಗಲೂ ವಿಮಾನದೊಡನೆ ಬಿದ್ದವರು 209 ಮಂದಿ. ರಾತ್ರಿಯೂ ಮುಂದಿನ ದಿನಗಳಲ್ಲಿಯೂ ಹುಡುಕಿ ಹುಡುಕಿ 160 ಮಂದಿಯನ್ನು ಜೀವಸಹಿತ ಎತ್ತಿತಂದರು. ಸಿರಿವಂತ ದೇಶಕ್ಕೆ ಇದು ಸಾಧ್ಯವಾಯಿತೆಂದು ಹೇಳಬಹುದು; ಹೇಳುವುದು ನಿಜವೂ ಹೌದು. ಆದರೆ ದೀಪ ಹೊತ್ತಿಸುವುದಕ್ಕೆ ಹಣಕ್ಕಿಂತ ಬೇರೊಂದು ವಸ್ತು ಬೇಕಾಗಿತ್ತು.

ಎದುರು ಪಕ್ಷದಲ್ಲಿ ಅದರ ಹಿಂದಿನ ದಿನ ಹಾರಿದವರು ಯಾರು? ಅನೇಕರಿಗೆ ಎರಡರಿಂದ ಆರು ತಿಂಗಳ ತರಬೇತಿಯಷ್ಟೇ ಆಗಿತ್ತು. ಮೂರುನೂರು ಗಂಟೆಗೂ ಹೆಚ್ಚು ಹಾರಿ ಪಳಗಿದ ಅಮೆರಿಕನ್ ಹುಡುಗರ ಮುಂದೆ ಅವರು ಹುಳುಗಳಂತೆ ಉದುರಿದರು. ಎರಡು ದಿನದಲ್ಲಿ ಹಡಗಿನ ವಿಮಾನಗಳು ಮೂರುನೂರಕ್ಕಿಂತ ಹೆಚ್ಚು ಹೋದುವು. ಸೋಜಿಗವೆಂದರೆ ಜಪಾನಿಗೆ ಆಗ ವಿಮಾನಗಳ ಬರವಿರಲಿಲ್ಲ. 1941ರಲ್ಲಿ 5,088 ವಿಮಾನಗಳನ್ನು ತಯಾರಿಸಿದ ಕಾರ್ಖಾನೆಗಳು 1944ರಲ್ಲಿ 28,180 ತಯಾರಿಸಿದುವು. ಗಾಡಿ ಐದು ಪಟ್ಟಿಗಿಂತ ಹೆಚ್ಚಾಯಿತು, ಗಾಡಿ ಹೊಡೆಯುವವನಿಲ್ಲ. ಕಲಿಸೋಣವೆಂದರೆ ಕಲಿಸುವವರು ಶಾಂತಸಾಗರದ ತಳದಲ್ಲಿದ್ದರು. ಹಾರಿಸಿ ಕಲಿಸಲು ಪೆಟ್ರೋಲೂ ಇಲ್ಲದೆ, ಕೊನೆಗೆ ಪೈನ್ ಮರದ ಬೇರುಗಳನ್ನು ಅಗೆದು ಎಣ್ಣೆ ಬಟ್ಟಿ ಇಳಿಸುವ ಸ್ಥಿತಿ ಬಂದಿತು.

ಒಂದು ಕಣ್ಣಿನ ಸಾಕಾಯ್‌ಗೆ ಸಿಕ್ಕಿದ್ದು ಇಂತಹ ಹುಡುಗರಿಗೆ ಪಾಠ ಹೇಳುವ ಕೆಲಸ. ತನ್ನ ಕಾಲದಲ್ಲಿ ಮೊದಲ ವಾರವೇ ಊರಿಗೆ ಕಳುಹಿಸಿಬಿಡುತ್ತಿದ್ದಂತಹವರು ಈಗ ತೇರ್ಗಡೆಯಾಗಿ ರಣಕ್ಕೆ ಹೊರಡುತ್ತಿದ್ದುದನ್ನು ಕಂಡು ಆತನಿಗೆ ಸಂಕಟವಾಯಿತು. ಅವರ ತಪ್ಪೇನು? 1943ರ ಅಕ್ಟೋಬರಿನಲ್ಲಿ ಟೋಕಿಯೋದ ಕ್ರೀಡಾಂಗಣದಲ್ಲಿ ಸುರಿಯುವ ಮಳೆಯಲ್ಲಿ ಕವಾಯತು ಮಾಡಿಸಿ ಕಾಲೇಜು ಹುಡುಗರನ್ನು ಸೈನ್ಯಕ್ಕೆ ಬೀಳ್ಕೊಟ್ಟಿದ್ದರು. ನಿನ್ನೆಯವರೆಗೆ ಪುಸ್ತಕ ಹಿಡಿದ ಕೈ, ನಾಳೆ ವಿಮಾನದ ಹಿಡಿ.

1944ರ ಅಕ್ಟೋಬರ್ 25ರಂದು ಬಂದುದು ಕೊನೆಯ ಲೆಕ್ಕ. ಮರಳಿ ಬರಲು ಕಲಿಸಲಾಗದಿದ್ದರೆ ಹೋಗುವುದನ್ನಷ್ಟೇ ಕಲಿಸಿದರೆ ಸಾಕೆಂಬ ಲೆಕ್ಕ. ಬಾಂಬು ಹೊತ್ತ ಐದು ವಿಮಾನಗಳು ಫಿಲಿಪ್ಪೀನಿನಿಂದ ಹೊರಟು ಅಮೆರಿಕನ್ ಹಡಗುಗಳ ಮೇಲೆ ನೇರವಾಗಿ ಬಿದ್ದುವು. ‘ಸೇಂಟ್ ಲೋ’ ಎಂಬ ಹಡಗು ಮುಳುಗಿತು. ತಂಡದ ನಾಯಕ ಸೇಕಿ ಯುಕಿಯೋ ಇಪ್ಪತ್ತಮೂರರ ತರುಣ, ಹೊಸದಾಗಿ ಮದುವೆಯಾದವನು, ಬಾಂಬು ಎಸೆಯುವುದರಲ್ಲಿ ಪಳಗಿದವನು. ತನ್ನಂತಹ ನುರಿತ ಚಾಲಕನನ್ನು ಕೊಲ್ಲಬೇಕಾಗಿ ಬಂದ ದೇಶಕ್ಕೆ ಭವಿಷ್ಯವಿಲ್ಲವೆಂದು ಹೊರಡುವ ಮುನ್ನ ಆತ ಪತ್ರಿಕಾವರದಿಗಾರನೊಬ್ಬನೊಡನೆ ಹೇಳಿದನಂತೆ. ಬಾಂಬನ್ನು ಗುರಿಯಿಟ್ಟು ಹಾಕಿ ಮರಳಿ ಬರಬಲ್ಲೆನೆಂಬ ನಂಬಿಕೆ ಅವನಿಗಿತ್ತು. ಅವನನ್ನು ಕೇಳುವವರು ಯಾರು?

ಆ ಐವರಿಗೆ ಬೆಂಗಾವಲಾಗಿ ಹಾರಿದವನು ನಿಶಿಜಾವಾ, ಸಾಕಾಯ್‌ನ ರಬಾಲಿನ ಗೆಳೆಯ, ಜಪಾನೀ ನೌಕಾಪಡೆಯ ಅತ್ಯಂತ ಕುಶಲ ಚಾಲಕರಲ್ಲೊಬ್ಬ. ತಾನೂ ಅವರಂತೆ ಹೋಗುವೆನೆಂದು ಕೇಳಿಕೊಂಡಾಗ, ನಿನ್ನ ಕೌಶಲ ಅಷ್ಟು ಅಗ್ಗವಲ್ಲವೆಂದು ಮೇಲಿನವರು ನಿರಾಕರಿಸಿದರೆಂದು ಹೇಳುತ್ತಾರೆ. ಅವನ ವಿಮಾನವನ್ನು ಮಾತ್ರ ಇಟ್ಟುಕೊಂಡರು. ಬೇರೆ ವಿಮಾನ ತರಲೆಂದು ಮರುದಿನ ಆತ ಸರಕು ಸಾಗಿಸುವ ವಿಮಾನವೊಂದರಲ್ಲಿ ಪ್ರಯಾಣಿಕನಾಗಿ ಹೊರಟ. ದಾರಿಯಲ್ಲಿ ಅಮೆರಿಕನ್ ವಿಮಾನಗಳು ಅದನ್ನು ಸುಟ್ಟು ಕೆಡವಿದುವು. ಕೈಯಲ್ಲಿ ಹಿಡಿಯಿಲ್ಲದೆ, ಬರಿದೆ ಕುಳಿತಲ್ಲಿಯೇ ಆತ ಸತ್ತ. ವಯಸ್ಸು ಇಪ್ಪತ್ತನಾಲ್ಕು.

ಸಾಕಾಯ್ ಮಾತ್ರ ಉಳಿದ. ಯುದ್ಧ ಮುಗಿದ ಮೇಲೆ ಟೋಕಿಯೋದಲ್ಲಿ ಮುದ್ರಣಾಲಯ ನಡೆಸಿದ. ಮಗಳನ್ನು ಓದಲು ಅಮೆರಿಕಕ್ಕೆ ಕಳುಹಿಸಿದ. ತನ್ನ ಮೇಲೆ ಅಂದು ಗುಂಡು ಹಾರಿಸಿದ ಬಂದೂಕುಗಾರರಲ್ಲೊಬ್ಬನಾದ ಹೆರಾಲ್ಡ್ ಜೋನ್ಸ್‌ನನ್ನು 1983ರಲ್ಲಿ ಭೇಟಿಯಾದ. 2000ನೆಯ ಇಸವಿಯಲ್ಲಿ ತೀರಿಕೊಳ್ಳುವವರೆಗೂ ಜನ ಆತನನ್ನು ಕೇಳುತ್ತಿದ್ದುದು ಒಂದೇ: ಎಷ್ಟು ವಿಮಾನಗಳನ್ನು ಹೊಡೆದುರುಳಿಸಿದೆ? ಆ ಎಣಿಕೆಯ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಆತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುದು ಬೇರೊಂದು ಸಂಗತಿಯನ್ನು. ತನ್ನ ರೆಕ್ಕೆಯ ಪಕ್ಕದಲ್ಲಿ ಜೊತೆಯಾಗಿ ಹಾರಿದ ಹುಡುಗನನ್ನು ತಾನು ಒಮ್ಮೆಯೂ ಕಳೆದುಕೊಂಡು ಬಂದಿಲ್ಲವೆಂದು.