ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡ್: ದುಡ್ಡು ಕೊಡುವ ಮೊದಲು ಪೆಟ್ಟಿಗೆ ಬಿಚ್ಚಿ ನೋಡಿ

ಪುತ್ತೂರು, ಸುಳ್ಯ, ಕಡಬದ ನಾವು ಕೆಲವು ಬಿಡಿ ಸುದ್ದಿಗಾರರು ಸೇರಿ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದೇವೆ. ಸುಳ್ಯದ ಒಂದು ಬಾಡಿಗೆ ಕೋಣೆಯಲ್ಲಿ ಉಂಟು. ಅದಕ್ಕೆ ಹದಿನಾಲ್ಕು ವರ್ಷ ದಾಟಿದೆ. ಗ್ರಾಮಸಭೆಯ ಗಲಾಟೆ, ತೋಟಕ್ಕೆ ನುಗ್ಗಿದ ಆನೆ, ಮಳೆಗೆ ಕುಸಿದ ಗುಡ್ಡ, ಹೊಳೆ ದಾಟಲು ಸಂಕವಿಲ್ಲದ ಊರು, ಎಲ್ಲದರ ವಿಡಿಯೊ ಕತ್ತರಿಸಿ ಕಳಿಸುವುದು ಅದರಲ್ಲೇ. ಬರೆದ ಸುದ್ದಿಗೆ ಸಿಗುವುದು ಬೈಕಿನ ಪೆಟ್ರೋಲಿಗೂ ಸಾಲುವುದಿಲ್ಲ. ವಿಡಿಯೊ ಇದ್ದರೆ ನಾಲ್ಕು ಕಾಸು ಹೆಚ್ಚು. ಆ ಪೆಟ್ಟಿಗೆ ನಿಂತರೆ ನಮ್ಮ ಸಂಪಾದನೆಯೂ ಅರ್ಧ ನಿಂತ ಹಾಗೆ.

ಅದಕ್ಕೇ ನಾವು ಅದನ್ನು ಬಿಚ್ಚಿ ಜೋಡಿಸಲು ಕಲಿತದ್ದು. ಈಗ ಸುತ್ತಮುತ್ತಲಿನವರೂ ಕರೆಯುತ್ತಾರೆ. ಹೆಚ್ಚಿನವರದ್ದು ಒಂದೇ ಮಾತು: "ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೂ ಸ್ಕ್ರೀನ್ ಬರುದಿಲ್ಲ ಮಾರಾಯ್ರೆ, ಕಾರ್ಡ್ ಹಾಳಾ, ಕಂಪ್ಯೂಟರ್ ಹಾಳಾ?" ನಾವು ನೋಡಿದ ಮಟ್ಟಿಗೆ ಬಹಳ ಸಲ ಎರಡೂ ಹಾಳಾಗಿರುವುದಿಲ್ಲ. ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ, ಅಷ್ಟೆ. ಯಾವುದು ಹೊಂದುತ್ತದೆ ಎಂದು ಕಾರ್ಡ್ ತರುವ ಮೊದಲೇ ತಿಳಿಯಬಹುದು.

ಮೊದಲು ಮಳೆಗಾಲದ ಮಾತು. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಗೋಡೆ ಬೆವರುವಾಗ ಕಂಪ್ಯೂಟರಿನ ಒಳಗೂ ತೇವ ಕೂರುತ್ತದೆ. ಸ್ಕ್ರೀನ್ ಬಾರದಿದ್ದರೆ ಪ್ಲಗ್ ಕಿತ್ತು, ರ‍್ಯಾಮ್ ಮತ್ತು ಕಾರ್ಡನ್ನು ಹೊರತೆಗೆದು, ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಸದ್ದನ್ನೂ ಕೇಳಿ: ಅವಾರ್ಡ್ ಬಯೋಸ್ ಇರುವ ಹಳೆಯ ಬೋರ್ಡಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್ಪ್ಲೇ ತೊಂದರೆ ಎಂದರ್ಥ. ಕಾರ್ಡ್ ಹಾಕಿದ ಮೇಲೆ ಮಾನಿಟರಿನ ವಯರನ್ನು ಕಾರ್ಡಿಗೇ ಚುಚ್ಚಬೇಕು. ಹಳೆಯ ಜಾಗದಲ್ಲೇ ಬಿಟ್ಟರೆ ಹೆಚ್ಚಿನ ಬೋರ್ಡುಗಳಲ್ಲಿ ಏನೂ ಕಾಣುವುದಿಲ್ಲ.

ನಂತರ ಸ್ಲಾಟ್. 2004ಕ್ಕಿಂತ ಹಿಂದಿನ ಬೋರ್ಡುಗಳಲ್ಲಿ ಎಜಿಪಿ ಸ್ಲಾಟ್ ಇತ್ತು, ಆಮೇಲೆ ಪಿಸಿಐ ಎಕ್ಸ್‌ಪ್ರೆಸ್ ಬಂತು. ಒಂದರ ಕಾರ್ಡ್ ಇನ್ನೊಂದರಲ್ಲಿ ಕೂರುವುದಿಲ್ಲ, ಬಲ ಹಾಕಿದರೆ ಮುರಿಯುತ್ತದೆ. ಪಿಸಿಐ ಎಕ್ಸ್‌ಪ್ರೆಸ್‌ನೊಳಗೆ ಮಾತ್ರ ತಲೆಮಾರಿನ ಜಗಳ ಕಡಿಮೆ. ಮೂರನೇ ತಲೆಮಾರಿನ ಕಾರ್ಡ್ ಎರಡನೇ ತಲೆಮಾರಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ವೇಗ ಸ್ವಲ್ಪ ಕಡಿಮೆ.

ಹೆಚ್ಚು ಜನ ಸಿಕ್ಕಿಬೀಳುವುದು ಕರೆಂಟಿನಲ್ಲಿ. ಕಡಬದ ಕಡೆಯ ಒಬ್ಬ ಜೆರಾಕ್ಸ್ ಅಂಗಡಿ ಅಣ್ಣನಿಗೆ ಬೆಂಗಳೂರಿನ ಅಳಿಯ ತನ್ನ ಹಳೆಯ ಗೇಮ್ ಕಾರ್ಡ್ ಕಳಿಸಿದ್ದ. ಮದುವೆ ಕಾಗದದ ಡಿಸೈನ್ ತೆರೆದ ಕೂಡಲೇ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್. "ವೈರಸ್ ಇರ್ಬೇಕು" ಎಂದು ಎರಡು ಸಲ ವಿಂಡೋಸ್ ಹಾಕಿಸಿದ್ದರು. ನಾವು ಎಸ್‌ಎಂಪಿಎಸ್ ಲೇಬಲ್ ಓದಿದೆವು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣದಾಗಿ 12 ವೋಲ್ಟ್, 14 ಆಂಪ್. ಗುಣಿಸಿದರೆ 168 ವ್ಯಾಟ್. ಕಾರ್ಡಿಗೂ ಪ್ರೊಸೆಸರಿಗೂ ಮುಖ್ಯವಾಗಿ ಸಿಗುವುದು ಅಷ್ಟೇ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ, 6 ಪಿನ್ ವಯರ್ ಇನ್ನೊಂದು 75, 8 ಪಿನ್ 150. ಅಳಿಯನ ಕಾರ್ಡಿಗೆ 6 ಪಿನ್ ಬೇಕಿತ್ತು. ಅಂದರೆ ಅದೊಂದೇ 150 ವ್ಯಾಟ್‌ವರೆಗೆ ಎಳೆಯಬಹುದು. ಬಡಕಲು ಎತ್ತಿಗೆ ಎರಡು ಗಾಡಿ ಕಟ್ಟಿದ ಹಾಗೆ. ಕಾರ್ಡ್ ತೆಗೆದೆವು, ಕಂಪ್ಯೂಟರ್ ಸರಿಯಾಯಿತು. ಮದುವೆ ಕಾಗದಕ್ಕೆ ಬೋರ್ಡಿನದ್ದೇ ಡಿಸ್ಪ್ಲೇ ಧಾರಾಳ ಸಾಕು.

ಪುತ್ತೂರಿನ ಹತ್ತಿರದ ಒಂದು ಮನೆಯ ಕಥೆ ಬೇರೆ. ಮಗಳು ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ, ಡ್ರಾಯಿಂಗ್ ತಂತ್ರಾಂಶಕ್ಕೆ ಕಾರ್ಡ್ ಬೇಕು. ಇದ್ದದ್ದು ಕಚೇರಿಯಲ್ಲಿ ಬಳಸಿ ಮಾರಿದ ತೆಳು ಪೆಟ್ಟಿಗೆ. "ಅಡಿಕೆ ಕೊಟ್ಟು ಕಾರ್ಡ್ ತರುದಾ, ಸಾಲ ಮಾಡಿ ಲ್ಯಾಪ್‌ಟಾಪೇ ತರುದಾ?" ಎಂದು ಅಪ್ಪ ಕೇಳಿದರು. ತೆಳು ಪೆಟ್ಟಿಗೆಯಲ್ಲಿ ಎರಡು ಕಷ್ಟ. ಪೂರ್ಣ ಎತ್ತರದ ಕಾರ್ಡ್ ಹಿಡಿಯುವುದಿಲ್ಲ, ಮತ್ತು ಎಸ್‌ಎಂಪಿಎಸ್ ಕಂಪನಿಯದೇ ಅಳತೆಯದ್ದು, ದೊಡ್ಡದಕ್ಕೆ ಬದಲಿಸಲಾಗದು. ಅದಕ್ಕೆ ಗಿಡ್ಡ ತಗಡು ಜೊತೆಗೆ ಬರುವ ಜಿಟಿ 1030 ತರಿಸಿದೆವು. 30 ವ್ಯಾಟ್ ಸಾಕು, ಬೇರೆ ವಯರ್ ಬೇಡ. ಆದರೂ ಸ್ಕ್ರೀನ್ ಕಪ್ಪು. ಬಯೋಸಿನಲ್ಲಿ ಮೊದಲ ಡಿಸ್ಪ್ಲೇ ಬೋರ್ಡಿನದ್ದೇ ಎಂದು ಇತ್ತು. ಕಾರ್ಡ್ ತೆಗೆದು ಅದನ್ನು ಬದಲಿಸಿ, ಮತ್ತೆ ಕಾರ್ಡ್ ಹಾಕಿದಾಗ ಬೆಳಕು ಬಂತು. ಹುಡುಗಿ ಅದೇ ಸಂಜೆ ಡ್ರಾಯಿಂಗ್ ತೆರೆದು ಕೂತಳು. ಅಡಿಕೆ ಸ್ವಲ್ಪ ಹೋಯಿತು, ಸಾಲ ಉಳಿಯಿತು.

ಬಯೋಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಬಯೋಸಿಗೆ ತೀರಾ ಹೊಸ ಕಾರ್ಡಿನ ಗುರುತು ಸಿಗದೇ ಇರಬಹುದು. ಆಗ ತಯಾರಕರ ಸೈಟಿನಿಂದ ಹೊಸ ಬಯೋಸ್ ಹಾಕಬೇಕಾಗುತ್ತದೆ. ಹಾಕುವ ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಯುಪಿಎಸ್ ಇಲ್ಲದೆ, ಗುಡುಗುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಗುಡುಗಿನಿಂದಲೇ ನಮಗೂ ಕಾರ್ಡ್ ಬೇಕಾದದ್ದು. ಒಂದು ಮೇ ತಿಂಗಳ ಸಿಡಿಲಿಗೆ ಬೋರ್ಡಿನ ಡಿಸ್ಪ್ಲೇ ಸತ್ತಿತು. "ಬೋರ್ಡ್ ಹೋಯ್ತು, ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಎಂದರು ಅಂಗಡಿಯೊಬ್ಬರು. ಫ್ಯಾನ್ ತಿರುಗುತ್ತಿತ್ತು, ವಿಂಡೋಸ್ ಶುರುವಾಗುವ ಸದ್ದು ಸ್ಪೀಕರಿನಲ್ಲಿ ಕೇಳುತ್ತಿತ್ತು. ಸತ್ತದ್ದು ಕಣ್ಣು ಮಾತ್ರ ಎಂದು ಅದರಿಂದಲೇ ಗೊತ್ತಾಯಿತು. ನಮ್ಮ ಮಾನಿಟರಿಗೆ ಇರುವುದು ವಿಜಿಎ ಒಂದೇ. ಜಿಟಿ 1030ರಲ್ಲಿ ವಿಜಿಎ ಇಲ್ಲ, ಅದರ ಡಿವಿಐ ಕೂಡ ಡಿಜಿಟಲ್ ಮಾತ್ರ, ಸಾದಾ ಕನೆಕ್ಟರ್ ಚುಚ್ಚಿದರೆ ಚಿತ್ರ ಬಾರದು. ಹಾಗಾಗಿ ವಿಜಿಎ ಪೋರ್ಟ್ ಇರುವ ಜಿಟಿ 710 ತಂದೆವು. 19 ವ್ಯಾಟ್. ಕಂಪ್ಯೂಟರ್ ಎದ್ದಿತು. ಆ ಮಳೆಗಾಲದ ಸುದ್ದಿಗಳೆಲ್ಲ ಅದರಿಂದಲೇ ಹೋದವು.

ಕಾರ್ಡಿನಿಂದ ಏನು ಸಿಗುವುದಿಲ್ಲ ಎಂಬುದೂ ಗೊತ್ತಿರಲಿ. ಸಣ್ಣ ಕಾರ್ಡ್ ವಿಡಿಯೊವನ್ನು ಸಲೀಸಾಗಿ ತೋರಿಸುತ್ತದೆ, ಆದರೆ ಕತ್ತರಿಸಿದ ವಿಡಿಯೊವನ್ನು ಬೇಗ ತಯಾರಿಸಿ ಕೊಡುವುದಿಲ್ಲ. ಜಿಟಿ 1030ರಲ್ಲಿ ಆ ಭಾಗವೇ ಇಲ್ಲ. ಕಂಪ್ಯೂಟರ್ ನಿಧಾನ ಎಂಬುದಷ್ಟೇ ದೂರಾದರೆ ಅದೇ ದುಡ್ಡಿಗೆ ಎಸ್‌ಎಸ್‌ಡಿಯೋ ರ‍್ಯಾಮೋ ಹಾಕಿಸಿ.

ಕೊನೆಗೆ ಡ್ರೈವರ್. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ಮುಗಿಯಿತು. ಹಳೆಯ ಪೇಜ್‌ಮೇಕರ್, ಹಳೆಯ ನುಡಿ ಬಿಡಲಾಗದೆ 32 ಬಿಟ್ ವಿಂಡೋಸ್ ಉಳಿಸಿಕೊಂಡ ಡಿಟಿಪಿ ಅಂಗಡಿಗಳು ನಮ್ಮಲ್ಲಿ ಇನ್ನೂ ಉಂಟು. ಅಂಥವರಿಗೆ ಎನ್‌ವಿಡಿಯಾ ಕೊಟ್ಟ ಕೊನೆಯ ಸರಣಿ 390. ಅದಕ್ಕಿಂತ ಹೊಸ ಡ್ರೈವರ್ ಬೇಡುವ ಕಾರ್ಡ್ ಅವರ ಯಂತ್ರದಲ್ಲಿ ದಂಡ. ಸೆಕೆಂಡ್‌ಹ್ಯಾಂಡ್ ಕಾರ್ಡಾದರೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿ. ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವುದುಂಟು, ಅಂಥ ಹಲವು ನಕಲಿಗಳನ್ನು ಅದು ಹಿಡಿದು ತೋರಿಸುತ್ತದೆ.

ಹಾಗಾದರೆ ಅಂಗಡಿಗೆ ಹೋಗುವ ಮೊದಲು ಕೈಯಲ್ಲಿರುವ ಫೋನಿನಿಂದಲೇ ನಾಲ್ಕು ಫೋಟೊ ತೆಗೆಯಿರಿ: ಬೋರ್ಡಿನ ಸ್ಲಾಟ್, ಎಸ್‌ಎಂಪಿಎಸ್ ಲೇಬಲ್, ಮಾನಿಟರಿನ ಹಿಂಬದಿ, ಪೆಟ್ಟಿಗೆಯ ಒಳಗಿನ ಜಾಗ. ವಿಂಡೋಸ್ ಯಾವುದು, 32 ಬಿಟ್ಟೋ 64 ಬಿಟ್ಟೋ ಎಂದು ಬರೆದುಕೊಳ್ಳಿ. ಇಷ್ಟು ತೋರಿಸಿ, "ಇದಕ್ಕೆ ಹೊಂದುವ ಕಾರ್ಡ್ ಕೊಡಿ, ಹೊಂದದಿದ್ದರೆ ವಾಪಸ್ ತಗೊಳ್ತೀರಾ?" ಎಂದು ಕೇಳಿ. ಫೋಟೊ ನೋಡದೆಯೇ ಕಾರ್ಡ್ ಕೈಗಿಡುವ ಅಂಗಡಿಯಾದರೆ ಅಲ್ಲಿಂದ ಎದ್ದು ಬನ್ನಿ.